ಮುಚ್ಚದ ಪುಸ್ತಕ

ನಾವು ಕಿರ್ಗಿಜರು ಪುಸ್ತಕ ತೆರೆದಿಟ್ಟು ಏಳುವುದಿಲ್ಲ. "ಮುಚ್ಚೇ! ಉಳಿದದ್ದನ್ನ ಸೈತಾನ ಓದ್ತಾನೆ" ಎಂದು ಅಜ್ಜಿ ರೇಗುತ್ತಿದ್ದಳು. ತನಗೇ ಓದು ಬಾರದಿದ್ದರೂ ಸೈತಾನನ ವಿದ್ಯೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ತಂಗಿ ಬುರುಲ್ ಜ್ವರದಲ್ಲಿ ನರಳುವಾಗ ಅವಳನ್ನು ಸಮಾಧಾನಪಡಿಸುತ್ತಿದ್ದುದು ಒಂದು ಮೊಲದ ಕಥೆಪುಸ್ತಕ ಮಾತ್ರ. ಆ ಮಧ್ಯಾಹ್ನ ಅದನ್ನು ಓದಿ ಹೇಳುತ್ತಿದ್ದ ನಾನು ಚಹಾ ತರಲು ಎದ್ದಾಗ, "ಮುಚ್ಚಬೇಡ, ಚಿತ್ರ ನೋಡ್ತೀನಿ" ಎಂದಳು.

ಮರಳಿ ಬಂದಾಗ, ಒಲೆ ಉರಿಯುತ್ತಿದ್ದರೂ ಕೋಣೆಯಲ್ಲಿ ಚಳಿ ಕೊರೆಯುತ್ತಿತ್ತು. ಬುರುಲ್ ನಗುತ್ತಿದ್ದಳು.

"ನೀನು ಬಿಡಕ್ಕಾ, ನಿಂದು ಬರೀ ರಾಗ. ಇವರೇ ಚೆನ್ನಾಗಿ ಓದ್ತಾರೆ."

ಗಾಬರಿಯಿಂದ ಪುಸ್ತಕ ಮುಚ್ಚಿದೆ. ಅವಳ ಉಸಿರು ಕಟ್ಟಿತು. ತೆರೆದೆ, ಉಸಿರು ಮರಳಿತು.

ಹಾಳೆಗಳು ತಾವಾಗಿ ಮಗುಚುತ್ತ ಹೋದವು. ಕಥೆ ಮುಗಿದರೆ ಅವಳ ಉಸಿರಿನ ಗತಿಯೇನೆಂದು ಹೆದರಿ, ಕೊನೆಯ ಹಾಳೆಯನ್ನು ಅಂಗೈಯಿಂದ ಅದುಮಿ ಕೂತೆ.

"ಅಕ್ಕಾ, ಕೈ ತೆಗಿಯೇ" ಎಂದಳು ಬುರುಲ್. "ಅವರಿಗೆ ಅಕ್ಷರ ಕಾಣ್ತಿಲ್ವಂತೆ."