ಸಿಂದಗಿ ಪೀರವ್ವ

"ಪದ ಚಲೋ ಐತಿ. ಆದ್ರ ಇದರ ಅಂಕಿತ ಎಲ್ಲೈತಿ?" ಬಸಂತರಾಯ ಮಾಸ್ತರರು ಕೇಳಿದರು.

"ಅಂಕಿತ ಅಂದ್ರ ಏನ್ರಿ ಸರ್?" ಎಂದಳು ಸುವರ್ಣಾ.

"ಕೊನೀ ಸಾಲಿನ್ಯಾಗ ಪದ ಕಟ್ಟಿದವರ ಹೆಸರು. ಅದಿಲ್ಲದ ಪದ ಬದು ಇಲ್ಲದ ಹೊಲ ಇದ್ದಂಗ. ಯಾರ್ ಬೇಕಾದವರು ಒಳಗ ಬರ್ತಾರ."

"ನಾನ ಬರ್ತೇನ್ರಿ ಸರ್," ಎಂದ ಹಿಂದಿನ ಬೆಂಚಿನ ಸಂಗಮೇಶ. "ಸಾಲಿ ಗ್ಯಾದರಿಂಗದಾಗ ನಂದಂತ ಹೇಳಿ ಹಾಡ್ತೇನಿ."

ಕ್ಲಾಸು ನಕ್ಕಿತು.

"ಹಂಗಾದ್ರ ಸುವರ್ಣಾ ಅಂತ ಹಾಕ್ತೇನ್ರಿ."

"ಬರೇ ನಿನ್ನ ಹೆಸರು ಬ್ಯಾಡ. ಪದ ಕಲಿಸಿದವರನ್ನ ನೆನೆಸಿ ಒಂದು ಹೆಸರು ಇಟ್ಕೋ. ನಿನಗ ಯಾರು ಕಲಿಸ್ಯಾರ?"

ಸುವರ್ಣಾ ಪದ ಬರೆದ ಹಾಳೆಯನ್ನು ಮಡಿಚಿದಳು.

"ಶನಿವಾರದ ಗ್ಯಾದರಿಂಗಕ್ಕ ಹೆಸರಿದ್ರ ಸ್ಟೇಜು. ಇಲ್ಲಾಂದ್ರ ಇಲ್ಲ," ಎಂದರು ಮಾಸ್ತರರು.

ಮನೆಗೆ ಬಂದಾಗ ಆಯಿ ಶೆಟ್ಟೆವ್ವ ಒಬ್ಬಳೇ ಬೀಸುಕಲ್ಲಿನಲ್ಲಿ ತೊಗರಿ ಒಡೆಯುತ್ತಿದ್ದಳು. ಅವಳು ಅಪ್ಪನ ಅವ್ವ. ಅವಳ ಹಿಂದಿನ ಗೋಡೆಯಲ್ಲಿ ಬುದ್ಧನ ಫೋಟೊ. ಪಡಸಾಲೆಯ ಇನ್ನೊಂದು ತುದಿಯಲ್ಲಿ ನಾನಿ ಪೀರಬಿ ನಮಾಜು ಮುಗಿಸಿ ಚಾಪೆ ಮಡಿಚುತ್ತಿದ್ದಳು. ಅವಳು ಅವ್ವನ ಅವ್ವ. ನಾಲತವಾಡದಿಂದ ಸಿಂದಗಿಗೆ ಬಂದಿದ್ದಳು.

ಅಪ್ಪ ಅವ್ವ ಮದುವೆಯಾದ ಮೇಲೆ ನಾನಿ ಬಹಳ ವರ್ಷ ಈ ಮನೆಗೆ ಬಂದಿರಲಿಲ್ಲ. ಈಗ ಬರುತ್ತಾಳೆ. ಆದರೆ ಇಬ್ಬರೂ "ಚಾ ಆತೇನ್ರಿ?" "ಆತ್ರಿ" ಎಂದಷ್ಟೇ ಮಾತಾಡುತ್ತಾರೆ. ಉಳಿದ ಮಾತನ್ನೆಲ್ಲ ಸುವರ್ಣಾಳ ಜೊತೆ ಆಡುತ್ತಾರೆ.

"ನಾನಿ, ನಾನಾ ಹಾಡ್ತಿದ್ದ ಮೊಹರಂ ಪದದಾಗ ಯಾರ ಹೆಸರಿತ್ತು?"

"ಅವರ ಉಸ್ತಾದರದು. ಕಲಿಸಿದವರನ್ನ ಬಿಟ್ಟು ಹಾಡಬಾರದು, ಬೇಟಿ."

"ಆಯಿ, ನಿನ್ನ ಪದದಾಗ?"

"ಬೀಸೂ ಪದಕ್ಕ ಹೆಸರ್ಯಾಕವ್ವ? ಬ್ಯಾಳಿ ಬಿದ್ರ ಸಾಕು."

ಕಲ್ಲು ತಿರುಗಿತು. ಅದರ ಸದ್ದಿಗೆ ಸುವರ್ಣಾ ತನ್ನ ಪದವನ್ನು ಬಾಯೊಳಗೇ ಗುನುಗಿದಳು. ಶುರುವಿನ ಸಾಲುಗಳು ಆ ಕಲ್ಲಿನಂತೆಯೇ ಸುತ್ತುತ್ತಿದ್ದವು. ಅದು ಆಯಿಯ ಧಾಟಿ. ಕೊನೆಯಲ್ಲಿ ದನಿ ಥಟ್ಟನೆ ಮೇಲೇರುತ್ತಿತ್ತು. ಅದು ನಾನಿ ಸಿಹಿ ಚೊಂಗೆ ರೊಟ್ಟಿ ಮಾಡುವಾಗ ಹಾಡುವ ಮೊಹರಂ ಪದದ ಧಾಟಿ.

ನಾನಿಯ ಹೆಸರಿಟ್ಟರೆ ಆಯಿ ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದೇ ಕಷ್ಟ. ಆಯಿಯ ಹೆಸರಿಟ್ಟರೆ ನಾನಿ ಚೀಲ ಎತ್ತಿಕೊಂಡು ನಾಲತವಾಡದ ಬಸ್ಸು ಎಷ್ಟೊತ್ತಿಗೆ ಎಂದು ಕೇಳುತ್ತಾಳೆ.

ರಾತ್ರಿ ಊಟಕ್ಕೆ ಕುಳಿತಾಗ ಸುವರ್ಣಾ ಇಬ್ಬರ ಹೆಸರನ್ನೂ ಕೂಡಿಸಿದ ಒಂದು ಹೆಸರನ್ನು ಅವ್ವನ ಕಿವಿಯಲ್ಲಿ ಹೇಳಿದಳು. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಇಬ್ಬರನ್ನೂ ಒಂದು ಮಾತು ಕೇಳು," ಎಂದಳು ಅವ್ವ.

"ಕೇಳಂಗಿಲ್ಲ. ಕೇಳಿದ್ರ ಇಬ್ಬರೂ ಬ್ಯಾಡ ಅಂತಾರ. ಹಾಡಿಬಿಡ್ತೇನಿ."

ಶನಿವಾರ ಸ್ಟೇಜಿನ ಮೈಕು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಹೆಂಗಸರ ಸಾಲಿನಲ್ಲಿ ಆಯಿ, ಅವ್ವ, ನಾನಿ ಕೂತಿದ್ದರು. ಅವ್ವ ನಡುವೆ. ಸುವರ್ಣಾ ಕೈ ಹಿಂದೆ ಕಟ್ಟಿಕೊಂಡು ಹಾಡಿದಳು. ಕೊನೆಯ ಸಾಲಿಗೆ ದನಿ ಮೇಲೇರಿಸಿದಳು.

"ಸಾಲಿಯ ಹಾದ್ಯಾಗ ಪದವ ಕಟ್ಯಾಳ
ಸಿಂದಗಿ ಊರಿನ ಪೀರವ್ವ."

"ಪೀರವ್ವ ಯಾರಲೇ?" ಸಂಗಮೇಶ ಕೂಗಿದ. ಹುಡುಗರು ನಕ್ಕರು. ಸುವರ್ಣಾ ಆ ಸಾಲನ್ನು ಇನ್ನೊಮ್ಮೆ ಹಾಡಿದಳು. ಮೊದಲಿಗಿಂತ ನಿಧಾನವಾಗಿ.

ಆಯಿ ತಲೆ ತಗ್ಗಿಸಿದ್ದಳು. ನಾನಿ ಸೆರಗನ್ನು ಬಾಯಿಗೆ ಹಿಡಿದಿದ್ದಳು. ಸಿಟ್ಟೋ ಏನೋ ತಿಳಿಯಲಿಲ್ಲ.

ಹೊರಗೆ ಬರುವಾಗ ಪಕ್ಕದ ಓಣಿಯ ದುರ್ಗವ್ವ ಆಯಿಯನ್ನು ತಡೆದಳು. "ಯಾರ್ರಿ ಆ ಪೀರವ್ವ? ಯಾರ ಪೈಕಿ?"

ಆಯಿ ಸೆರಗು ಸರಿಮಾಡಿಕೊಂಡಳು. ಆಮೇಲೆ ನಾನಿಯ ಕಡೆ ನೋಡಿದಳು.

"ಅರ್ಧ ಇವರಾಕಿ," ಎಂದಳು. "ಅರ್ಧ ನಮ್ಮಾಕಿ."

"ಅರ್ಧ ಯಾಕ್ರಿ?" ಎಂದಳು ನಾನಿ. "ಇಬ್ಬರಿಗೂ ಪೂರಾ."

ಎಲ್ಲರೂ ಮನೆಯ ಕಡೆ ನಡೆದರು. ಆದರೆ ಈ ಸಲ ಅವ್ವ ಅವರ ನಡುವೆ ನಡೆಯದೆ ಹಿಂದೆ ಉಳಿದಳು.

ಮರುದಿನ ಬೆಳಿಗ್ಗೆ ಬೀಸುಕಲ್ಲಿನ ಸದ್ದಿಗೆ ಸುವರ್ಣಾಳಿಗೆ ಎಚ್ಚರವಾಯಿತು. ಸದ್ದು ದಿನದಂತಿರಲಿಲ್ಲ, ಹಗುರವಾಗಿತ್ತು. ಅವಳು ಕೌದಿ ಸರಿಸಿ ನೋಡಿದಳು. ಆಯಿ, ನಾನಿ ಎದುರುಬದುರು ಕೂತಿದ್ದರು. ಒಂದೇ ಗೂಟಕ್ಕೆ ಎರಡು ಕೈ. ಆಯಿ ಸಾಲು ಹಾಡಿದರೆ ನಾನಿ ಅದನ್ನು ಎತ್ತಿಕೊಳ್ಳುತ್ತಿದ್ದಳು.

ಪದ ಮುಗಿಯುವ ಹೊತ್ತಿಗೆ ಆಯಿ ಇನ್ನೊಂದು ಹಿಡಿ ತೊಗರಿ ಹಾಕಿದಳು. ಆಮೇಲೆ, ಹೆಸರು ಬೇಡವೆಂದಿದ್ದ ತನ್ನ ಬೀಸುವ ಪದದ ತುದಿಗೆ, ಸಣ್ಣ ದನಿಯಲ್ಲಿ ಸೇರಿಸಿದಳು:

"ಪೀರವ್ವ."

ಸುವರ್ಣಾ ಕೌದಿಯನ್ನು ಮತ್ತೆ ತಲೆಯ ಮೇಲೆಳೆದುಕೊಂಡಳು. ಅವಳು ಎದ್ದಿದ್ದು ಅವರಿಗೆ ತಿಳಿಯಬಾರದಿತ್ತು. ಬೇಳೆ ಬೀಳುತ್ತಲೇ ಇತ್ತು.