ಹೊರಗಿನ ಸಪ್ಪಳ ಒಳಗ ಬರಂಗಿಲ್ಲ

"ಹಾಕ್ಕೊಂಡು ಕೇಳಲಾರದ ಹ್ಯಾಂಗ ತಗೋಲಿರಿ? ನೀವು ಬಳಿ ತಗೊಳ್ಳಾಗ ಕೈಗಿ ಏರಿಸಿ ನೋಡಲ್ಲೇನು?"

ಎದುರಿಗೆ ನಿಂತ ಗಿರಾಕಿಯ ಮಾತಿಗೆ ಅಂಬುಜಾಳಿಗೆ ಸಿಟ್ಟು ನೆತ್ತಿಗೇರಿತು.

ವಾಡಿ ಸ್ಟೇಷನ್ನಿನ ಎದುರಿಗೆ ಇರುವ ಮುಕ್ರಮ ಭಾಯಿಯ ಮೊಬೈಲ್ ಅಂಗಡಿಯಲ್ಲಿ ಅವಳು ಮೂರು ವರ್ಷದಿಂದ ಕೌಂಟರಿಗೆ ನಿಂತವಳು. ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ತಲೆಗೂದಲು, ಹುಬ್ಬು, ಅಂಗಿಯ ಕಾಲರು ಎಲ್ಲ ಬೆಳ್ಳಗೆ... ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಮಷಿನ್ ಮೇಲೆ ದುಡಿಯುವವರ ಮೈಗೆ ಹತ್ತುವ ಧೂಳು ಅದು. ಅಂಥ ತಲೆಗೆ ಹೊಸ ಹೆಡ್‌ಫೋನ್ ಏರಿಸಬೇಕಂತೆ!

"ಮದಲ ತಲಿ ತೊಳ್ಕೊಂಡು ಬರ್ರಿ," ಎಂದುಬಿಟ್ಟಳು.

ಅವನು ಸಿಟ್ಟಾಗಲಿಲ್ಲ. ಹೊರಗಿನ ನಳಕ್ಕೆ ತಲೆಯೊಡ್ಡಿ, ಹೆಗಲ ಟವೆಲ್ಲಿನಿಂದ ಒರೆಸಿಕೊಂಡು ಮತ್ತೆ ಬಂದು ನಿಂತ. ಧೂಳು ಹೋದ ಮೇಲೆ ನೋಡಿದರೆ ಒಳ್ಳೆ ಲಕ್ಷಣವಾದ ಮುಖ.

'ಅಯ್ಯ... ಖರೇನೇ ತೊಳ್ಕೊಂಡು ಬಂದಾನಲ್ಲ!' ಅಂಬುಜಾ ತುಟಿ ಕಚ್ಚಿಕೊಂಡಳು.

"ಈಗ ತೋರಸ್ತೀರೇನು? ನನ್ನ ಹೆಸರು ಅಣವೀರ. ಇಲ್ಲೇ ಅಕ್ಕನ ಮನ್ಯಾಗ ಇರ್ತೀನಿ. ಒಂದೇ ಖೋಲಿ. ಅಕ್ಕನ ಕೂಸು ಮಲಗಿರ್ತದ, ನಾ ಹಾಡು ಕೇಳಿದ್ರ ಅದಕ್ಕ ಎಚ್ಚರ ಆಗಬಾರದು. ದಿನಾ ಶಹಾಬಾದಿಗಿ ರೈಲಿನಾಗ ಹೋಗ್ತೀನಿ, ಬುತ್ತಿ ಚೀಲದಾಗ ಹಿಡೀಬೇಕು. ಮತ್ತ... ರೊಕ್ಕ ಭಾಳ ಇಲ್ಲರಿ."

ಬೇಕಾದ್ದನ್ನು ಇಷ್ಟು ನೆಟ್ಟಗೆ ಹೇಳುವ ಗಿರಾಕಿ ಎಲ್ಲಿ ಸಿಗಬೇಕು! ಅವಳ ಸಿಟ್ಟು ಅಲ್ಲಿಗೇ ಇಳಿಯಿತು. ಐದು ಡಬ್ಬಿ ತೆಗೆದು ಸಾಲಾಗಿ ಇಟ್ಟಳು.

"ಇದು ಬ್ಯಾಡ. ಲೈಟ್ ಮಿಣಕ್ ಮಿಣಕ್ ಅಂತದ, ರೊಕ್ಕ ಎಲ್ಲ ಲೈಟಿಗೇ ಹೋಗ್ಯಾದ. ಇದ್ರಾಗ ಢೋಲು ಢಂ ಢಂ ಕೇಳಸ್ತದ, ಹಾಡವರ ದನಿ ಮುಚ್ಚಿ ಹೋಗ್ತದ. ಇದರ ಬೆನ್ನಿಗಿ ತೂತು ಅವ ನೋಡ್ರಿ, ನೀವು ಕೇಳೋ ಹಾಡು ರೈಲು ಡಬ್ಬಿ ತುಂಬ ಕೇಳಸ್ತದ."

"ಅಂದ್ರ ಯಾವುದು ತಗೋಲಿ?"

ಅವಳು ನಾಲ್ಕನೆಯದನ್ನು ಎತ್ತಿದಳು. ಬೆನ್ನು ಪೂರಾ ಮುಚ್ಚಿದ್ದು. ಮೆತ್ತನೆಯ ಗಾದಿ, ಎರಡು ಕಡೆ ಮಡಚಿದರೆ ಅಂಗೈಯಷ್ಟೇ ಆಗುತ್ತದೆ. ವೈರ್ ಕೆಟ್ಟರೆ ಬೇರೆ ವೈರ್ ಚುಚ್ಚಬಹುದು, ಚಾರ್ಜ್ ಮಾಡುವ ತಾಪತ್ರಯವೂ ಇಲ್ಲ. ಹಾಡು ಹಚ್ಚಿ, ಅದನ್ನು ಅವನ ತಲೆಗೆ ತಾನೇ ಏರಿಸಿದಳು. ಪಟ್ಟಿ ಸರಿಪಡಿಸುವಾಗ ಬೆರಳು ಅವನ ಒದ್ದೆ ಕೂದಲಿಗೆ ತಾಗಿ, ಎದೆ ಝಲ್ಲೆಂದಿತು.

ಅಣವೀರ ಕಣ್ಣು ಮುಚ್ಚಿದ. ಆ ಮುಖದಲ್ಲಿ ಎಂಥ ಸುಖ ಅದು!

"ಹಾರ್ಮೋನಿಯಮ್ ಬಾರಸವರ ಬೆರಳು ಸರಿಯೂದು ಸುದ್ಧಾ ಕೇಳಸ್ತದಲ್ಲರಿ..."

"ಕಿವಿ ಪೂರಾ ಮುಚ್ಚತದ. ಹೊರಗಿನ ಸಪ್ಪಳ ಒಳಗ ಬರಂಗಿಲ್ಲ," ಎಂದಳು ಅಂಬುಜಾ ಹೆಮ್ಮೆಯಿಂದ.

"ಎಷ್ಟ್ ಜೋರ್ ಸಪ್ಪಳ ಇದ್ರೂ?"

"ಎಷ್ಟಿದ್ರೂ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು. ಆಡಿದ ಗಳಿಗೆಗೇ ಅವಳು ಮರೆತಳು.

*

ಆಮೇಲೆ ಪ್ರತಿ ಗುರುವಾರ, ಅಂದರೆ ಅವನ ಸೂಟಿಯ ದಿನ, ಅಂಗಡಿಗೆ ಒಂದಲ್ಲ ಒಂದು ನೆವ ಹುಟ್ಟುತ್ತಿತ್ತು. ವೈರ್ ಸಡಿಲಾಗಿದೆ, ಗಾದಿ ಹರಿದಿದೆ, ಹೊಸ ಹಾಡು ಹಾಕಿಕೊಡ್ರಿ... ಮುಕ್ರಮ ಭಾಯಿ ಒಮ್ಮೆ ನಕ್ಕೇ ಬಿಟ್ಟರು: "ಏನ್ ತಮ್ಮಾ, ಹೆಡ್‌ಫೋನ್ ಕೆಟ್ಟದೋ, ನೀ ಕೆಟ್ಟಿಯೋ?"

ಸಂಜೆ ಅಂಬುಜಾ ತನ್ನೂರು ರಾವೂರಿನ ಬಸ್ಸಿಗೆ ಹೋಗುವ ಮೊದಲು ಇಬ್ಬರೂ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಅರ್ಧ ತಾಸು ಕೂಡುತ್ತಿದ್ದರು. ಹೆಡ್‌ಫೋನಿನ ಒಂದು ಬಟ್ಟಲು ಅವನ ಕಿವಿಗೆ, ತಿರುಗಿಸಿದ ಇನ್ನೊಂದು ಅವಳ ಕಿವಿಗೆ. ತಲೆಗೆ ತಲೆ ತಾಗುವಷ್ಟು ಹತ್ತಿರ. ಅಂಬುಜಾಳಿಗೆ ಎಷ್ಟೋ ಹಾಡು ಕೇಳಿಸುತ್ತಲೇ ಇರಲಿಲ್ಲ, ತನ್ನ ಎದೆಬಡಿತವೇ ಜೋರು!

"ಇಡೀ ದಿನ ನೀ ಆರಿಸಿಕೊಟ್ಟಿದ್ದೇ ನನ್ನ ತಲಿ ಮ್ಯಾಲ ಇರ್ತದ," ಎಂದ ಒಂದು ದಿನ.

ಪ್ರೀತಿಗೆ ಬಿದ್ದವರು ಹೀಗೆ ಉಬ್ಬಿಸಿ ಹೇಳುವುದುಂಟು. ಅವಳು ಅದನ್ನು ಹಾಗೇ ತಿಳಿದು ಕೆಂಪಾದಳು. ಕೇಳಬೇಕಿತ್ತು... ಇಡೀ ದಿನ ಅಂದರೆ ಯಾವಾಗ ಅಂತ ಒಂದು ಮಾತು ಕೇಳಬೇಕಿತ್ತು!

ಹೀಗೇ ಏಳೆಂಟು ತಿಂಗಳು ಕಳೆದ ಮೇಲೆ ಒಂದು ಗುರುವಾರ ಬಟ್ಟಲು ಕಿವಿಗಿಟ್ಟವಳೇ ಚಿಟ್ಟನೆ ಚೀರಿದಳು.

"ಯಪ್ಪಾ! ಕಿವಿ ಹರದು ಹೋಗ್ತಾವ! ಇಷ್ಟ್ ಆವಾಜ ಯಾಕ ಇಟ್ಟೀ?"

"ಜೋರದ ಏನು?" ಅವನು ಪೆಚ್ಚಾಗಿ ಕಡಿಮೆ ಮಾಡಿದ. ಆಮೇಲೆ ಆ ಸಂಜೆ ಅವನ ಮುಖದಲ್ಲಿ ಹಾಡಿನ ಸುಖ ಕಾಣಲಿಲ್ಲ.

ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ.

*

ಅಂಬುಜಾ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಹತ್ತು ಸಲ, ಇಪ್ಪತ್ತು ಸಲ... ಒಂದು ಮಧ್ಯಾಹ್ನ ಕೊನೆಗೂ ಎತ್ತಿದ.

"ಹಲೋ?"

"ನಾ ಅಂಬುಜಾ! ಎಲ್ಲಿ ಹೋಗಿದ್ದಿ? ನಾ ಏನ್ ತಪ್ಪ ಮಾಡೀನಿ, ಅದಾದ್ರೂ ಹೇಳು..."

"ಹಲೋ... ಹಲೋ..."

"ಕೇಳ್ಲಿಕತ್ತೀ ಏನು? ಅಣವೀರ!"

ಕಟ್ಟಾಯಿತು!

ಅವನ ದನಿ ತನಗೆ ಮಗ್ಗುಲಲ್ಲೇ ನಿಂತಂತೆ ಕೇಳಿಸಿತ್ತು. ಹಾಗಾದರೆ ತನ್ನದು ಅವನಿಗೆ ಕೇಳಿಸದೆ ಇರುತ್ತದೆಯೇ? 'ನಂದೇ ದನಿ ಅಂತ ತಿಳದು ಕಟ್ ಮಾಡ್ಯಾನ... ಬ್ಯಾಡಾಗೀನಿ ನಾ.'

ಅವಳ ಒಳಗೆ ಏನೋ ಕಳಚಿ ಬಿತ್ತು. ಅಂಗಡಿಯಲ್ಲಿ ಹಾಡು ಹಚ್ಚಿದರೆ ಎದ್ದು ಹೊರಗೆ ಹೋಗುತ್ತಿದ್ದಳು. ಮನೆಯಲ್ಲಿ ತಾಯಿ ರತ್ನಾಬಾಯಿ ಚಿಂಚೋಳಿ ಕಡೆಯ ಗಂಡಿನ ಸುದ್ದಿ ತೆಗೆದಾಗ, "ನಿಮ್ಮ ಮನಸಿಗಿ ಬಂದಂಗ ಮಾಡ್ರಿ," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಸತ್ತರೆ ಹೀಗೇ ಇರಬಹುದೇನೋ ಅನ್ನಿಸುವಷ್ಟು ಬರಿದಾಗಿತ್ತು ಮನಸ್ಸು.

ಹೀಗಿರುವಾಗ ಒಂದು ದಿನ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಅಂಗಡಿಗೆ ಬಂದು, ಮಡಚಿದ ಹೆಡ್‌ಫೋನನ್ನು ಕೌಂಟರಿನ ಮೇಲೆ ಇಟ್ಟಳು.

"ಇದು ಇಲ್ಲೇ ತಗೊಂಡಿದ್ದಂತ. ಅರ್ಧ ರೇಟಿಗಾದ್ರೂ ವಾಪಸ್ ತಗೋತೀರೇನ್ರಿ? ನಮ್ಮ ತಮ್ಮ ಅಣವೀರಂದು. ನಾ ಅವನ ಅಕ್ಕ ಬಸ್ಸಮ್ಮ."

'ನಾ ಕೊಟ್ಟಿದ್ದು ಸುದ್ಧಾ ಮನ್ಯಾಗ ಇರಬಾರದೇನು!' ಅಂಬುಜಾಳ ಕಣ್ಣು ತುಂಬಿದವು. ಕಣ್ಣೊರೆಸಿಕೊಂಡು ಕೇಳಿದಳು, "ಯಾಕ? ಬ್ಯಾಡಾಯ್ತೇನು ಅವರಿಗಿ?"

"ಇನ್ನ ಅವಗ ಇದ್ರಿಂದ ಏನ್ ಉಪಯೋಗ ತಂಗಿ... ಅವನ ಕಿವಿನೇ ಹೋಗ್ಯಾವ."

ಅಂಬುಜಾ ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕಲ್ಲಿನ ಮಷಿನ್ ಮ್ಯಾಲ ಎಲ್ಲರೂ ಕಿವ್ಯಾಗ ಹತ್ತಿ ತುರಕ್ಕೊಂಡು ನಿಂದರ್ತಾರ. ಇಂವ ಹತ್ತಿ ಒಗದು ಇದನ್ನ ಹಾಕ್ಕೊಂಡ. ಹೊರಗಿನ ಸಪ್ಪಳ ಒಳಗ ಬರಂಗಿಲ್ಲಂತ ಅಂಗಡ್ಯಾಗ ಹೇಳ್ಯಾರಂತ. ಅದು ಬರಲಾರದ ಬಿಟ್ಟೀತೇನು? ಮಷಿನ್ ಕಿಂತ ಜೋರ್ ಹಾಡು ಇಟ್ಟ. ದಿನಾ ಎಂಟು ತಾಸು, ಎಂಟು ತಿಂಗಳು! ಕಲಬುರ್ಗಿ ಡಾಕ್ಟರ್ ಅಂದ್ರು, ಹೋಗಿದ್ದು ತಿರಗಿ ಬರಲ್ಲ, ಕಿವಿಗಿ ಕೇಳೂ ಮಷಿನ್ ಹಾಕ್ಕೊಂಡ್ರ ಜರಾ ಕೇಳಸ್ತದ ಅಂತ. ಅದಕ್ಕೇ ರೊಕ್ಕ ಕೂಡಸ್ಲಿಕತ್ತೀನಿ."

ಹೇಳಿದವಳು ಈ ಹುಡುಗಿಯೇ ಎಂಬುದು ಪಾಪ, ಬಸ್ಸಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೈಯುತ್ತಿದ್ದಳು, ಶಾಪ ಹಾಕುತ್ತಿದ್ದಳು. ಅಂಬುಜಾಳಿಗೆ ಅದೇ ಬೇಕಾಗಿತ್ತು... ಯಾರಾದರೂ ಬೈಯಲಿ! ಕೆನ್ನೆಗೆ ಹೊಡೆಯಲಿ!

'ನಾ ಮಾಡ್ದೆ. ಈ ಬಾಯಿಲೇ ಹೇಳ್ದೆ. ಎಷ್ಟಿದ್ರೂ ಅಂದೆ...'

ಹಾಡು ಕೇಳಲೆಂದು ಕೊಟ್ಟದ್ದು ಅದು. ಮಷಿನ್ನಿನ ಮುಂದೆ ಹಾಕಲು ಅಲ್ಲ. ಅಂಗಡಿಯ ಹುಡುಗಿಗೆ ಹೇಳಬೇಕೆಂದು ಹೊಳೆಯಲಿಲ್ಲ, ಕಲ್ಲಿನ ಹುಡುಗನಿಗೆ ಕೇಳಬೇಕೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ಎರಡು ಕಿವಿ ಹೋದವು.

ಮುಕ್ರಮ ಭಾಯಿ ಗಲ್ಲಾಪೆಟ್ಟಿಗೆಯಿಂದ ಪೂರಾ ರೊಕ್ಕ ತೆಗೆದು ಬಸ್ಸಮ್ಮನ ಕೈಗಿಟ್ಟರು.

*

ಆ ಸಂಜೆ ಶಹಾಬಾದ್ ಕಡೆಯ ಪ್ಯಾಸೆಂಜರ್ ಬರುವ ಹೊತ್ತಿಗೆ ಅಂಬುಜಾ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ಸಿಮೆಂಟ್ ಕಾರ್ಖಾನೆಯ ಶಿಫ್ಟ್ ಬಿಟ್ಟ ಮಂದಿ, ಭಜಿ ಮಾರುವವರು, ರಾವೂರಿನ ಪರಿಚಯದ ಹೆಂಗಸರು. ಯಾರನ್ನೂ ಅವಳು ನೋಡಲಿಲ್ಲ.

ಅವನು ಇಳಿದ. ಮೈಗೆ ಧೂಳಿರಲಿಲ್ಲ, ಕೆಸರಿತ್ತು. ಕೂಗಿದರೆ ಕೇಳಿಸದವನು ಮಷಿನ್ ಮುಂದೆ ಬೇಡವೆಂದು ಮಾಲಕರು ಅವನನ್ನು ಕಲ್ಲು ತೊಳೆಯಲು ಹಾಕಿದ್ದರು.

"ಅಣವೀರ!"

ಅವನು ಹಾಗೇ ದಾಟಿ ಹೋದ. ಓಡಿಹೋಗಿ ಅಡ್ಡ ನಿಂತಳು. ಒಂದು ಗಳಿಗೆ ಅವನ ಮುಖ ಅರಳಿತು, ಕೂಡಲೇ ಬಾಡಿತು.

"ನನ್ನ ಕ್ಷಮಿಸು... ಎಲ್ಲ ನನ್ನಿಂದೇ..." ಅಳುವಿನಲ್ಲಿ ಮಾತು ಮುರಿಯಿತು.

ಅವನು ಅವಳ ತುಟಿಯನ್ನೇ ನೋಡಿದ. ತಲೆ ಅಲ್ಲಾಡಿಸಿದ.

"ಬಾಯಿ ಅಲಗಾಡೂದು ಕಾಣಸ್ತದ ಅಂಬುಜಾ. ನೀ ಕೇಳಸ್ಲಿಕತ್ತಿಲ್ಲ," ಎಂದ, ಅಳತೆ ತಪ್ಪಿದ ಜೋರು ದನಿಯಲ್ಲಿ. "ರೈಲಿಂದು ಕೇಳಸ್ತದ, ಮಷಿನ್‌ದು ಕೇಳಸ್ತದ. ಸಣ್ಣ ದನಿ ಮದಲ ಹೋಗ್ತಾವಂತ. ನಿಂದು, ಅಕ್ಕನ ಕೂಸಿಂದು... ಅವೇ ಹೋದವು."

ಅಂಬುಜಾ ಬೆಂಚಿನ ಮೇಲೆ ಕುಳಿತಳು. ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದಳು: 'ಯಾಕೆ ಹೇಳಲಿಲ್ಲ? ಯಾಕೆ ಬಿಟ್ಟುಹೋದೆ?'

ಅವನು ಓದಿ ಮೊಬೈಲನ್ನು ಅವಳ ಕೈಗೆ ತಿರುಗಿ ಕೊಟ್ಟ.

"ಹೇಳಿದ್ರ ನೀ ನಿನ್ನ ಮ್ಯಾಲ ಹಾಕ್ಕೊಂಡು ಕೊರಗತಿದ್ದಿ. ಫೋನಿನಾಗ ನಿನ್ನ ಹೆಸರು ಕಾಣ್ತಿತ್ತು, ಎತ್ತಿದ್ರ ಒಳಗ ಏನೂ ಇರತಿರಲಿಲ್ಲ. ಮತ್ತ... ನನ್ನ ಜೋಡಿ ಬಾಳೇ ಮಾಡೂದಂದ್ರ ಏನ್ ಗೊತ್ತದೇನು? ಬಜಾರದಾಗ, ಮನ್ಯಾಗ, ನಾಕು ಮಂದಿ ಮುಂದ, ಪ್ರತಿಯೊಂದು ಮಾತು ಒದರಿ ಹೇಳಬೇಕು. ಗುಟ್ಟು ಅನ್ನೂದೇ ಇರಲ್ಲ. ನಾಚಿಗಿ ಬರ್ತದ ನಿನಗ. ಬ್ಯಾಡ, ಹೋಗು. ಚೆಂದ ಕಿವಿ ಇದ್ದವ್ನ ನೋಡ್ಕೋ."

ಅವನು ತಿರುಗಿ ನಡೆದೇಬಿಟ್ಟ!

ಅಂಬುಜಾಳ ಕೈಯಲ್ಲಿ ಮೊಬೈಲಿತ್ತು. 'ನೀನೇ ಬೇಕು' ಎಂದು ಬರೆದು ಓಡಿಹೋಗಿ ತೋರಿಸಬಹುದಿತ್ತು. ಬರೆದಳು. ಅಳಿಸಿದಳು. ಬರೆದು ತೋರಿಸಿದರೆ ಅವನು ಓದುತ್ತಾನೆ, ಆದರೆ ನಂಬುವುದಿಲ್ಲ. ನಾಚಿಕೆ ಪಡುವವಳು ಎಂಬುದೇ ಅವನ ಮನಸ್ಸಿನಲ್ಲಿ ಉಳಿಯುತ್ತದೆ.

ಎದ್ದು ನಿಂತಳು. ಜೀವಮಾನದಲ್ಲಿ ತಂದೆಯ ಮುಂದೆ ದನಿ ಎತ್ತದವಳು, ಎದೆ ತುಂಬ ಉಸಿರು ಎಳೆದುಕೊಂಡಳು.

"ಅಣವೀರಾ! ನಾ ನಿನ್ನೇ ಮದಿವಿ ಆಗ್ತೀನಿ! ನಿನ್ನ ಬಿಟ್ರ ನನಗ ಯಾರೂ ಬ್ಯಾಡ!"

ಭಜಿ ಕಟ್ಟುತ್ತಿದ್ದವನ ಕೈ ನಿಂತಿತು. ರಾವೂರಿನ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವಳು ಬಸ್ಸು ಹತ್ತುವ ಮೊದಲೇ ಈ ಸುದ್ದಿ ಊರು ತಲುಪುವುದು ಖಂಡಿತ, ಮನೆಯಲ್ಲಿ ಏನಾಗುವುದೋ ದೇವರೇ ಬಲ್ಲ. ಆದರೂ ತಲೆ ತಗ್ಗಿಸಲಿಲ್ಲ.

ಅವನು ನಿಂತಿದ್ದ. ಮೆಲ್ಲನೆ ತಿರುಗಿದ. ಸುತ್ತಲಿನ ಮುಖಗಳನ್ನೆಲ್ಲ ನೋಡಿ, ಕೊನೆಗೆ ಅವಳನ್ನು ನೋಡಿ, ಕೆಸರು ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದ.

"ಹುಚ್ಚಿ... ಎಲ್ಲರಿಗೂ ಕೇಳಿಸ್ತಲ್ಲ!"

"ನಿನಗ ಕೇಳಿಸ್ತೇನು?" ಅವಳು ಮತ್ತೂ ಜೋರಾಗಿ ಕೇಳಿದಳು.

ಅವನು ಸುಳ್ಳು ಹೇಳಲಿಲ್ಲ.

"ಅರ್ಧ ಕೇಳಿಸ್ತು. ನನ್ನ ಹೆಸರು ಕೇಳಿಸ್ತು. ಉಳದಿದ್ದು ಈ ಮಂದಿ ಮಾರಿ ನೋಡಿ ತಿಳ್ಕೊಂಡೆ."

ಅವಳಿಗೆ ಅಳು ಬಂತು, ಅಳುವಿನ ನಡುವೆಯೇ ನಗು ಬಂತು. ಹೋದದ್ದು ಮರಳುವುದಿಲ್ಲ, ಅವಳ ತಪ್ಪೂ ಅಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಅವನ ಕೆಸರು ಕೈಯನ್ನು ಹಿಡಿದುಕೊಂಡಳು.

"ಉಳದ ಅರ್ಧಾ ಮತ್ತ ಹೇಳಲೇನು?"

"ಮಂದಿ ನೋಡ್ಲಿಕತ್ತಾರ ಅಂಬುಜಾ..."

"ನೋಡ್ಲಿ!"

"ಹಂಗಾದ್ರ ಹೇಳು," ಎಂದ ಅಣವೀರ, ಅವಳ ಬಾಯಿಯ ಹತ್ತಿರಕ್ಕೆ ಬಾಗಿ. "ಸಾವಕಾಶ ಹೇಳು. ಎಷ್ಟ್ ಸಲ ಆದ್ರೂ ಕೇಳ್ತೀನಿ."