ಇನ್ನೂರು ಕ್ವಾರ್ಟ್ಸ್

"ಧಾರಿಣಿ, ಇಂಥ ಗ್ರಾನೈಟ್ ಭೂಮಿ ಮೇಲೆ ಎಲ್ಲೂ ಇಲ್ಲ ರೀ," ಎಂದ ಶ್ರೇಯಸ್. ನಮ್ಮ ದಿಲ್ಲಿ ಲ್ಯಾಬಿಗೆ ಹೊಸದಾಗಿ ಸೇರಿದವನು, ದಾವಣಗೆರೆಯವನು, ಮುಖರ್ಜಿ ನಗರದ ಪಿಜಿಯಿಂದ ಬರುತ್ತಾನೆ. "ಕ್ವಾರ್ಟ್ಸ್ ಅಂದ್ರೆ ಬರೀ ಸಿಲಿಕಾನೇ. ಈ ಎಣಿಕೇಲಿರೋಷ್ಟು ಕ್ವಾರ್ಟ್ಸ್ ಇದ್ರೆ ಸಿಲಿಕಾ ಎಂಬತ್ತಾರು ಪರ್ಸೆಂಟ್ ಬರಬೇಕು. ಕೆಮಿಕಲ್ ರಿಪೋರ್ಟ್‌ನಲ್ಲಿ ಎಪ್ಪತ್ತೆರಡೇ ಇದೆ."

ನನಗೆ ಮೈಯೆಲ್ಲ ಉರಿಯಿತು. ಆ ಎಣಿಕೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಹಂತೇಶನದು. ಹರಿಯಾಣದ ತೋಷಾಮ್ ಬೆಟ್ಟದಿಂದ ಕಲ್ಲು ತಂದು, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿಸಿ ಸ್ಲೈಡ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಒಂದೊಂದೇ ಖನಿಜದ ಹೆಸರು ಹೇಳಿದವನು ಅವನು. ಎದುರು ಕೂತು ಬರೆದುಕೊಂಡವಳು ನಾನು. ಮರುದಿನ ಡೆಂಗ್ಯೂ ಎಂದು ಆಸ್ಪತ್ರೆ ಸೇರಿದ. ವಾರದೊಳಗೆ ಹೋಗಿಬಿಟ್ಟ. ಎರಡು ವರ್ಷವಾಯಿತು. ಈಗಲೂ ಮಧ್ಯಾಹ್ನ ಮೈಕ್ರೋಸ್ಕೋಪಿನ ಮುಂದಿನ ಆ ಕುರ್ಚಿಯಿಂದ ಅವನ ದನಿ ಕೇಳುತ್ತದೆ, "ಕ್ವಾರ್ಟ್ಸ್... ಫೆಲ್ಡ್‌ಸ್ಪಾರ್..." ನಾನು ಯಾರಿಗೂ ಹೇಳಿಲ್ಲ.

"ಮಹಂತೇಶ್ ತಪ್ಪು ಮಾಡೋನಲ್ಲ."

"ಅಚ್ಛಾ, ಹಾಗಾದ್ರೆ ಕಲ್ಲೇ ಸುಳ್ಳು ಹೇಳ್ತಿದೆ. ನಾನು ನೋಡಿ ಹೇಳ್ತೀನಿ, ನೀವು ಬರೀರಿ. ನನ್ನ ಮೇಲಿನ ಸಿಟ್ಟನ್ನ ಪೆನ್ಸಿಲ್ ಮೇಲೆ ತೋರಿಸ್ಬೇಡಿ, ಮುರಿಯತ್ತೆ."

ನಗು ಬಂತು, ತಡೆದುಕೊಂಡೆ. ಆತ ಆ ಕುರ್ಚಿಯಲ್ಲೇ ಕೂತ.

ಪ್ರತಿ ಹೆಸರಿಗೂ ಮುಂಚೆ ಗುಂಡಿ ತಿರುಗಿಸಿ ಸ್ಲೈಡನ್ನು ಒಂಚೂರು ಸರಿಸಬೇಕು, ಟಕ್ ಎನ್ನುತ್ತದೆ. ಟಕ್, ಫೆಲ್ಡ್‌ಸ್ಪಾರ್. ಟಕ್, ಕ್ವಾರ್ಟ್ಸ್. ಟಕ್, ಬಯೋಟೈಟ್. ನನ್ನ ಕೈ ನಿಂತುಹೋಯಿತು.

"ಏನಾಯ್ತು?"

"ಆವತ್ತು ಮಹಂತೇಶ್ ಹೇಳಿದ ಕೊನೆಯ ಇನ್ನೂರು ಹೆಸರಿಗೆ ಈ ಸದ್ದೇ ಬರ್ಲಿಲ್ಲ. ಸ್ಲೈಡ್ ಸರಿದೇ ಇರ್ಲಿಲ್ಲ. ಸುಮ್ನೆ ಕ್ವಾರ್ಟ್ಸ್, ಕ್ವಾರ್ಟ್ಸ್ ಅಂತಿದ್ದ."

"ಮತ್ತೆ ಏನು ನೋಡ್ತಿದ್ದ?"

"ನನ್ನನ್ನ."

ಶ್ರೇಯಸ್ ಗುಂಡಿಯಿಂದ ಕೈ ತೆಗೆದ.

"ನೋಡ್ತಿದ್ದಾನೆ ಅಂತ ನಂಗೆ ಆಗ್ಲೇ ಗೊತ್ತಿತ್ತು, ಸ್ಲೈಡ್ ಸರೀತಿಲ್ಲ ಅನ್ನೋದು ಮಾತ್ರ ಈಗ ಹೊಳೀತು," ಎಂದೆ. "ತಲೆ ಎತ್ತಿದ್ರೆ ನಾಚ್ಕೊಂಡು ನಿಲ್ಲಿಸಿಬಿಡ್ತಿದ್ದ. ಅದಕ್ಕೇ ಬರೀತಾ ಕೂತೆ. ಏನಪ್ಪಾ ನಿನ್ನ ಕಥೆ ಅಂತ ನಾಳೆ ಕೇಳೋಣ ಅಂದ್ಕೊಂಡೆ."

ಈ ಕಲ್ಲಿನ ರಿಸರ್ಚ್ ಪೇಪರ್ ಅವನ ಹೆಸರಿನಲ್ಲಿ ಬರಬೇಕು. ಸುಳ್ಳು ಅಂಕಿ ಹಾಗೇ ಬಿಟ್ಟರೆ ಅವನ ಹೆಸರು ಕೆಡುತ್ತದೆ. ಹೊಡೆದುಹಾಕಿದರೆ, ಅವನು ನನಗೆ ಹೇಳಿದ್ದು ಅದೊಂದೇ, ಅದೂ ಹೋಗುತ್ತದೆ. ಆದರೂ ಆವತ್ತಿನ ಹಾಳೆ ತೆಗೆದು, ಪೆನ್ಸಿಲ್ ಒತ್ತಿ ಹಿಡಿದು ಸಾಲುಸಾಲಾಗಿ ಗೆರೆ ಎಳೆದೆ. ಇನ್ನೂರೂ ಹೋದವು.

ಆಮೇಲೆ ತಲೆ ಎತ್ತಿ, ಆ ಕುರ್ಚಿಯನ್ನೇ ನೋಡುತ್ತ ಹೇಳಿದೆ, "ನಂಗೂ ನೀನಂದ್ರೆ ತುಂಬಾ ಇಷ್ಟ ಕಣೋ."

ಅದು ತನಗೆ ಹೇಳಿದ್ದಲ್ಲ ಎಂದು ಶ್ರೇಯಸ್‌ಗೆ ಗೊತ್ತಿತ್ತು. ಆದರೂ ಆತ ಎದ್ದು ಹೋಗಲಿಲ್ಲ. ಮಹಂತೇಶನ ಪರವಾಗಿ ಕೇಳಿಸಿಕೊಂಡು ಕೂತಿದ್ದ.